ಕರೆಯುವುದು ತಮಟೆ, ಹೇಳುವುದು ಬೋರ್ಡು



‘ದ್ರೌಪದಿ ವಸ್ತ್ರಾಪಹರಣ’ ಎಂದು ದೂರಕ್ಕೆ ಕಾಣುವಷ್ಟು ದೊಡ್ಡ ಅಕ್ಷರದಲ್ಲಿ ಬರೆಯಬೇಕಾದರೆ ಎಷ್ಟು ಗಜ ಬಟ್ಟೆ ಬೇಕು? ನಾನು ಹುಡುಗನಾಗಿದ್ದಾಗ, ದೊಡ್ಡಬಳ್ಳಾಪುರಕ್ಕೆ ಹತ್ತಿರದ ನಮ್ಮೂರಿನಲ್ಲಿ ಈ ಲೆಕ್ಕ ಒಮ್ಮೆ ತಪ್ಪಿತು. ಊರ ಹಬ್ಬಕ್ಕೆ ನಾಟಕ ಗೊತ್ತುಮಾಡಿದ್ದರು. ಯಜಮಾನರು ಪೇಟೆಗೆ ಹೋಗಿ, ನಾಲ್ಕು ಕಾಸು ಉಳಿಯಲಿ ಎಂದು ಅಳೆದೂ ಸುರಿದೂ ಬಿಳಿ ಮಾದರಪಾಟ ತಂದರು. ಬೋರ್ಡು ಬರೆಯುವ ಅಣ್ಣ ಅದನ್ನು ಶಾಲೆಯ ಗೋಡೆಗೆ ಬಿಗಿದು ಕಟ್ಟಿ, ‘ದ್ರೌ’ ಎಂಬ ಅಕ್ಷರವನ್ನು ಒತ್ತು, ಔತ್ವ ಸಮೇತ ಗತ್ತಿನಿಂದ ಇಳಿಸಿದರು. ‘ಪದಿ’ ಆಯಿತು. ‘ವಸ್ತ್ರಾಪ’ ಎನ್ನುವ ಹೊತ್ತಿಗೆ ಬಟ್ಟೆ ಮುಗಿಯಿತು.

ಯಜಮಾನರು ತಲೆಯ ಮೇಲೆ ಕೈ ಹೊತ್ತರು. “ಏನಪ್ಪಾ ಇದು, ವಸ್ತ್ರಾಪಹರಣ ಬರ್ಯೋಕೆ ವಸ್ತ್ರಾನೇ ಸಾಲ್ದೆ ಹೋಯ್ತಲ್ಲ!”

ಅಣ್ಣ ಬ್ರಷ್ಷನ್ನು ಚಿಂದಿಗೆ ಒರೆಸುತ್ತಾ, “ಕೃಷ್ಣನ್ನ ಕೂಗಿ ಗೌಡ್ರೆ, ಅವ್ನೇ ಕೊಡ್ತಾನೆ” ಅಂದರು.

ಸುತ್ತ ನಿಂತಿದ್ದ ನಾವು ಹುಡುಗರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಆ ಬೋರ್ಡಿನ ಕಥೆ ಇನ್ನೂ ಸ್ವಲ್ಪ ಇದೆ. ಮಾತು ಮುಗಿಸುವ ಮುಂಚೆ ಹೇಳುತ್ತೇನೆ.

ಬಣ್ಣದ ವಿಷಯವನ್ನು ಬಾನುಲಿಯಲ್ಲಿ ಮಾತಾಡುವುದೆಂದರೆ ಊಟದ ರುಚಿಯನ್ನು ಕಾಗದದಲ್ಲಿ ಬರೆದು ಕಳಿಸಿದ ಹಾಗೆ. ಆದರೂ ಧೈರ್ಯ ಮಾಡಿದ್ದೇನೆ. ನಮ್ಮ ಬೆಂಗಳೂರು ಗ್ರಾಮಾಂತರದ ನಾಲ್ಕು ತಾಲ್ಲೂಕುಗಳಲ್ಲಿ, ಅಂದರೆ ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲಗಳಲ್ಲಿ, ಬೀದಿಯಲ್ಲಿ ಆಡಿ ಬದುಕುವವರ ಹಿಂದೆಯೋ ಮುಂದೆಯೋ ತೂಗಾಡುತ್ತಿದ್ದ ಕೈಬರಹದ ಬೋರ್ಡುಗಳನ್ನು ನಿಮ್ಮಲ್ಲಿ ಅನೇಕರು ನೋಡಿಯೇ ಇರುತ್ತೀರಿ. ನಾನು ಹೇಳುತ್ತಾ ಹೋಗುತ್ತೇನೆ, ನೀವು ಕಣ್ಣು ಮುಚ್ಚಿ ನೋಡುತ್ತಾ ಬನ್ನಿ.

ಮೊದಲು ಕೆಲಸದ ಮಾತು. ಬಟ್ಟೆ ಬೋರ್ಡು ಬರೆಯುವುದು ಗೋಡೆಗೆ ಬಣ್ಣ ಬಳಿದಷ್ಟು ಸಲೀಸಲ್ಲ. ಬರಿಯ ಬಟ್ಟೆಯ ಮೇಲೆ ಬಣ್ಣ ಇಟ್ಟರೆ ಅದು ಶಾಯಿಯಂತೆ ಹರಡಿಬಿಡುತ್ತದೆ. ಹಾಗಾಗಿ ಮೊದಲು ಗಂಜಿ ಹಾಕಬೇಕು. ಮೈದಾ ಅಂಬಲಿಯೋ, ಹುಣಸೆಬೀಜದ ಅಂಟೋ, ಯಾವುದಾದರೂ ಒಂದು. ಅದು ಒಣಗಿ ಬಟ್ಟೆ ಚರ್ಮದಂತೆ ಬಿಗಿಯಾದ ಮೇಲೆ ಇಬ್ಬರು ಆ ಕಡೆ ಈ ಕಡೆ ನಿಂತು, ಬಣ್ಣದ ಪುಡಿ ಸವರಿದ ದಾರವನ್ನು ಎಳೆದು ಹಿಡಿದು ನಡುವೆ ಮೀಟುತ್ತಾರೆ. ಟಪ್ ಅನ್ನುತ್ತದೆ. ನೆಟ್ಟಗೆ ಒಂದು ಗೆರೆ ಬಿದ್ದಿರುತ್ತದೆ. ಹಾಗೆ ಎರಡು ಗೆರೆ ಬಿದ್ದರೆ ಅಕ್ಷರಕ್ಕೆ ಮನೆ ಕಟ್ಟಿದಂತೆ.

ಇಂಗ್ಲಿಷ್ ಬರೆಯುವವನಿಗೆ ಆ ಎರಡು ಗೆರೆ ಸಾಕು. ಕನ್ನಡಕ್ಕೆ ಸಾಲದು. ನಮ್ಮ ಅಕ್ಷರಕ್ಕೆ ತಲೆಕಟ್ಟು ಇದೆ, ಗುಡಿಸು ಇದೆ, ಬಲಕ್ಕೆ ಚಾಚುವ ದೀರ್ಘವಿದೆ, ಕೆಳಗೆ ನೇತಾಡುವ ಒತ್ತು ಇದೆ. ‘ವಸ್ತ್ರಾಪಹರಣ’ದ ‘ಸ್ತ್ರಾ’ ಎಂಬ ಒಂದೇ ಅಕ್ಷರ ನೋಡಿ. ಸಕಾರದ ಕೆಳಗೆ ತಕಾರ ಜೋತು ಬಿದ್ದಿದೆ, ಪಕ್ಕದಲ್ಲಿ ರಕಾರದ ಒತ್ತು ಕೊಕ್ಕೆ ಹಾಕಿದೆ. ಅದಕ್ಕೇ ಅನುಭವಸ್ಥರು ಮೊದಲು ಸೀಮೆಸುಣ್ಣದಲ್ಲಿ ತೆಳ್ಳಗೆ ಗೀಚಿಕೊಂಡು, ಒತ್ತಿಗೂ ಒಂದು ಸಾಲಿನ ಜಾಗ ಬಿಟ್ಟು, ನಡು ಅಕ್ಷರದಿಂದ ಎರಡೂ ಕಡೆಗೆ ಎಣಿಸುತ್ತಿದ್ದರು. ನಮ್ಮೂರಿನ ಅಣ್ಣ ಅವತ್ತು ಎಣಿಸಿರಲಿಲ್ಲ. ಜನ ಸುತ್ತ ನಿಂತು ನೋಡುವಾಗ ಎಣಿಸುತ್ತಾ ಕೂತರೆ ಗತ್ತು ಎಲ್ಲಿ ಉಳಿಯುತ್ತದೆ!

ಅಕ್ಷರ ಬರೆದ ಮೇಲೆ ಔಟ್‌ಲೈನು. ಹಳದಿ ಅಕ್ಷರಕ್ಕೆ ಕೆಂಪು ಅಂಚು, ಅದರ ಹಿಂದೆ ಒಂದು ಬದಿಗೆ ಕಪ್ಪು ಶೇಡು. ಶೇಡು ಬಿದ್ದೊಡನೆ ಅಕ್ಷರ ಬಟ್ಟೆಯಿಂದ ಎದ್ದು ನಿಲ್ಲುತ್ತಿತ್ತು. ಕೊನೆಗೆ ಕತ್ತರಿ ಹಿಡಿದು ಅಲ್ಲಲ್ಲಿ ಅರ್ಧಚಂದ್ರಾಕಾರವಾಗಿ ಬಟ್ಟೆಯನ್ನು ಸೀಳುತ್ತಿದ್ದರು. ಅಷ್ಟು ಚೆನ್ನಾಗಿ ಬರೆದು ಯಾಕೆ ಹರಿಯುತ್ತಾರೆ ಎಂದು ನನಗೆ ಅಳು ಬರುತ್ತಿತ್ತು. ಅದು ಗಾಳಿಗೆ ಬಿಟ್ಟ ದಾರಿ. ಎರಡು ಗಳಗಳ ನಡುವೆ, ಎರಡು ಹುಣಸೆಮರಗಳ ನಡುವೆ ಕಟ್ಟಿದ ಬಟ್ಟೆ ಗಾಳಿಗೆ ದಾರಿ ಬಿಡದಿದ್ದರೆ ಬೆಳಗಾಗುವುದರೊಳಗೆ ಚಿಂದಿಯಾಗುತ್ತದೆ.

ಇನ್ನು ಈ ಬೋರ್ಡನ್ನು ಯಾರು ಬರೆಸುತ್ತಿದ್ದರು, ಯಾಕೆ ಬರೆಸುತ್ತಿದ್ದರು ಎಂಬ ಮಾತು.

ನಮ್ಮ ಜಿಲ್ಲೆ ಜಾತ್ರೆಗಳ ಜಿಲ್ಲೆ. ಚಳಿಗಾಲ ಬಂತೆಂದರೆ ಮಾಕಳಿದುರ್ಗದ ಸೀಮೆಯಲ್ಲಿ ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆ. ಸಂಕ್ರಾಂತಿಗೆ ನೆಲಮಂಗಲ ತಾಲ್ಲೂಕಿನ ಶಿವಗಂಗೆ. ಬೇಸಗೆಗೆ ಹೊಸಕೋಟೆಯ ಅವಿಮುಕ್ತೇಶ್ವರನ ತೇರು. ರಾಸು ಇದ್ದಲ್ಲಿ ರೈತ, ರೈತ ಇದ್ದಲ್ಲಿ ಕಾಸು, ಕಾಸು ಇದ್ದಲ್ಲಿ ಆಟಗಾರರು. ಡೋಲು ಬಡಿದು ಹಗ್ಗದ ಮೇಲೆ ನಡೆಯುವ ದೊಂಬರು, ಬುಟ್ಟಿಯೊಳಗಿಂದ ಪಾರಿವಾಳ ತೆಗೆಯುವ ಗಾರುಡಿಗರು, ಮರದ ಹಲಗೆಯ ಬಾವಿಯೊಳಗೆ ಮೋಟಾರ್ ಸೈಕಲ್ ಓಡಿಸುವವರು, ‘ಹಾವಿನ ಮೈಯ ಹುಡುಗಿ’ಯನ್ನು ತೋರಿಸುವ ಡೇರೆಯವರು. ಡೇರೆಯ ಮುಂದಿನ ಚಿತ್ರದಲ್ಲಿ ಆ ಹುಡುಗಿಗೆ ಏಳು ಸುತ್ತು ಮೈ, ಹೊಳೆಯುವ ಹೆಡೆ. ಒಳಗೆ ಹೋಗಿ ನೋಡಿದರೆ ರಟ್ಟಿನ ಹಾವು, ಮೇಲೊಂದು ಆಕಳಿಸುತ್ತಿರುವ ತಲೆ. ಕೊಟ್ಟ ಕಾಸು ಒಳಗಿನದಕ್ಕೆ ಸಾಟಿಯಾಗದಿದ್ದರೂ ಹೊರಗಿನ ಚಿತ್ರಕ್ಕೆ ಸಾಟಿಯಾಯಿತು ಎಂದು ಈಗ ಅನಿಸುತ್ತದೆ.

ಆದರೆ ಡೇರೆಗೆ ಬಾಗಿಲಿದೆ, ಬಾಗಿಲಿಗೆ ಟಿಕೇಟಿದೆ. ನಿಜವಾದ ಬೀದಿಯವರಿಗೆ ಎರಡೂ ಇಲ್ಲ. ಕೋಲೆ ಬಸವನನ್ನು ತರುವವರಿಗೆ ಬೋರ್ಡೇ ಬೇಕಿರಲಿಲ್ಲ. ಬಣ್ಣದ ತೇಪೆಗಳ ಗೌಸು, ಕವಡೆಸರ, ಕನ್ನಡಿ ಬಿಲ್ಲೆ, ಗೆಜ್ಜೆ ಹೊತ್ತ ಬಸವಣ್ಣನೇ ನಡೆದಾಡುವ ಬೋರ್ಡು. ಹಗಲುವೇಷದವರಿಗೆ ಮೈಯೇ ಬೋರ್ಡು. ಇಂದು ಭೀಮ, ನಾಳೆ ಹನುಮಂತ, ನಾಡಿದ್ದು ಇನ್ನೊಬ್ಬ ಎಂದು ಊರಲ್ಲಿ ನಾಲ್ಕಾರು ದಿನ ತಿರುಗಿ, ಕೊನೆಯ ದಿನ ದವಸ, ದುಡ್ಡು ಕೇಳುತ್ತಿದ್ದರು. ಸೈಕಲ್ ಆಟದವರು ನಮ್ಮೂರ ಗುಂಡುತೋಪಿನಲ್ಲಿ ಇಳಿಯದೆ ಹಗಲು ರಾತ್ರಿ ಸೈಕಲ್ ತುಳಿಯುವಾಗ ಮಾತ್ರ ಒಂದು ತಗಡಿನ ಬೋರ್ಡು ಇಟ್ಟಿದ್ದರು. ಅದರಲ್ಲಿ ಸವಾರನ ಹೆಸರು, ಊರು ಪೇಂಟಿನಲ್ಲಿ. ಎಷ್ಟನೆಯ ದಿನ ಎಂಬುದು ಸೀಮೆಸುಣ್ಣದಲ್ಲಿ. ದಿನಾ ಬೆಳಿಗ್ಗೆ ಆ ಅಂಕಿಯನ್ನು ಒರೆಸಿ ಬರೆಯುವುದನ್ನು ನೋಡಲೆಂದೇ ನಾವು ಶಾಲೆಗೆ ಸುತ್ತು ದಾರಿಯಲ್ಲಿ ಹೋಗುತ್ತಿದ್ದೆವು.

ಇಲ್ಲೊಂದು ಪ್ರಶ್ನೆ. ಜನ ಸೇರಿಸುವುದಕ್ಕೆ ಬೋರ್ಡು ಬೇಕೇ? ತಮಟೆಯ ಮೇಲೆ ನಾಲ್ಕು ಪೆಟ್ಟು ಬಿದ್ದರೆ ಎರಡು ಮೈಲಿಗೆ ಕೇಳುತ್ತದೆ. ಓದು ಬಾರದವರೇ ಹೆಚ್ಚಿದ್ದ ಕಾಲದಲ್ಲಿ ಅಕ್ಷರ ಬರೆಸಿ ಯಾರನ್ನು ಕರೆಯಬೇಕಿತ್ತು? ಬಹಳ ದಿನ ಇದು ನನಗೆ ಬಗೆಹರಿಯಲಿಲ್ಲ. ಈಗ ನನಗೆ ಹೊಳೆದಿರುವ ಉತ್ತರ ಇಷ್ಟು: ಕರೆಯುವುದು ತಮಟೆಯ ಕೆಲಸ, ‘ನಾವು ಇಂಥವರು’ ಎಂದು ಹೇಳುವುದು ಬೋರ್ಡಿನ ಕೆಲಸ.

ಇದರ ಬೆಲೆ ಗೊತ್ತಾಗಬೇಕಾದರೆ ಕಾನೂನಿನ ಪುಸ್ತಕ ತೆರೆಯಬೇಕು. 1959ರ ಮುಂಬಯಿ ಭಿಕ್ಷಾಟನೆ ತಡೆ ಕಾಯ್ದೆ ಭಿಕ್ಷೆ ಎಂದರೇನು ಎಂದು ವಿವರಿಸುವಾಗ, ಹಾಡು, ಕುಣಿತ, ಕಣಿ ಹೇಳುವುದು, ಆಟ ಆಡಿ ತೋರಿಸುವುದು ಇಂಥ ನೆಪದಲ್ಲಿ ಕೈಯೊಡ್ಡುವುದನ್ನೂ ಭಿಕ್ಷೆಯ ಲೆಕ್ಕಕ್ಕೇ ಸೇರಿಸಿತು. ‘ನೆಪ’ ಎಂಬ ಆ ಮಾತನ್ನು ಗಮನಿಸಿ. ಹಗ್ಗದ ಮೇಲೆ ನಡೆಯುವುದು ನೆಪ, ಹನ್ನೆರಡು ವರ್ಷ ಕಲಿತ ಹಾಡು ನೆಪ! ದೆಹಲಿಗೂ ಅನ್ವಯಿಸಿದ್ದ ಆ ಕಾಯ್ದೆಯ ಹಲವು ಕಲಮುಗಳನ್ನು ಅಲ್ಲಿಯ ಹೈಕೋರ್ಟು 2018ರಲ್ಲಿ ತೆಗೆದುಹಾಕಿತು. ನಮ್ಮ ರಾಜ್ಯಕ್ಕೂ 1975ರ ಭಿಕ್ಷಾಟನೆ ನಿಷೇಧ ಕಾಯ್ದೆ ಇದೆ. ಕಾಯ್ದೆ ಏನೇ ಇರಲಿ, ಪೇದೆಯ ಲಾಠಿಗೂ ಅಂಗಡಿಯವನ ಗದರಿಕೆಗೂ ಕಲಾವಿದ ಯಾರು, ಬೇಡುವವ ಯಾರು ಎಂಬ ವ್ಯತ್ಯಾಸ ಬೀದಿಯಲ್ಲಿ ಒಂದೇ ನೋಟಕ್ಕೆ ಗೊತ್ತಾಗಬೇಕು. ಹಿಂದೆ ಒಂದು ಬಟ್ಟೆ ಕಟ್ಟಿ, ಅದರಲ್ಲಿ ಮೇಳದ ಹೆಸರು, ಊರಿನ ಹೆಸರು ಬರೆದಿದ್ದರೆ ಆ ವ್ಯತ್ಯಾಸ ಅಲ್ಲೇ ನಿಂತು ಸಾಕ್ಷಿ ಹೇಳುತ್ತದೆ. ಗಾರುಡಿಗರು, ದೊಂಬರು ಶಾಲೆಯ ಹೆಡ್‌ಮಾಸ್ಟರ್ ಸಹಿ, ಪಂಚಾಯ್ತಿ ಮೊಹರು ಇರುವ ಹೊಗಳಿಕೆ ಪತ್ರಗಳ ಹಳೇ ಪುಸ್ತಕವನ್ನು ಟ್ರಂಕಿನಲ್ಲಿಟ್ಟುಕೊಂಡು ತಿರುಗುತ್ತಿದ್ದದ್ದೂ ಇದಕ್ಕೇ. ಪುಸ್ತಕ ಮೇಷ್ಟರಿಗೆ, ಬೋರ್ಡು ಬೀದಿಗೆ.

ಬಣ್ಣದ ಬಟ್ಟೆ ಹಿಡಿದು ಬೀದಿಯಲ್ಲಿ ನಿಲ್ಲುವುದು ಹಳೆಯ ಕಸುಬೇ. ಏಳನೆಯ ಶತಮಾನದ ಬಾಣಭಟ್ಟ ‘ಹರ್ಷಚರಿತೆ’ಯಲ್ಲಿ ಒಂದು ನೋಟ ಕೊಡುತ್ತಾನೆ. ತಂದೆ ಹಾಸಿಗೆ ಹಿಡಿದ ಸುದ್ದಿ ಕೇಳಿ ಹರ್ಷ ಊರಿಗೆ ಓಡೋಡಿ ಬರುತ್ತಿದ್ದಾನೆ. ಅಂಗಡಿ ಬೀದಿಯಲ್ಲಿ ಒಬ್ಬ ಯಮಪಟದವನು, ಸುತ್ತ ಕುತೂಹಲದಿಂದ ನೆರೆದ ಹುಡುಗರು. ಎಡಗೈಯಲ್ಲಿ ಕೋಲಿಗೆ ಬಿಗಿದ ಪಟ, ಅದರಲ್ಲಿ ಕೋಣನ ಮೇಲೆ ಕೂತ ಯಮ. ಬಲಗೈಯ ಕಡ್ಡಿಯಿಂದ ಒಂದೊಂದೇ ಚಿತ್ರ ತೋರಿಸುತ್ತಾ ಅವನು ಪರಲೋಕದ ಕಥೆ ಹೇಳುತ್ತಿದ್ದಾನೆ. ವಿಶಾಖದತ್ತನ ‘ಮುದ್ರಾರಾಕ್ಷಸ’ದಲ್ಲಿ ಚಾಣಕ್ಯನ ಗೂಢಚಾರ ನಿಪುಣಕ ಮನೆಮನೆಗೆ ನುಗ್ಗುವುದೂ ಯಮಪಟದವನ ವೇಷದಲ್ಲೇ. ಪಟ ಹಿಡಿದವನ ಮೇಲೆ ಯಾವ ಮನೆಯವರೂ ಸಂಶಯಪಡುವುದಿಲ್ಲ ಎಂಬುದು ಆ ಗೂಢಚಾರನಿಗೆ ಗೊತ್ತಿತ್ತು. ಬೋರ್ಡೇ ಪರಿಚಯ ಚೀಟಿ ಎಂಬುದಕ್ಕೆ ಇದಕ್ಕಿಂತ ಹಳೆಯ ಸಾಕ್ಷಿ ಬೇಕೇ? ನೆರೆಯ ತೆಲಂಗಾಣದ ಚೇರಿಯಾಲದಲ್ಲಿ ಕಥೆ ಹೇಳುವವರಿಗೆಂದೇ ಬರೆಯುವ ಉದ್ದನೆಯ ಪಟಗಳು ಇಂದಿಗೂ ತಯಾರಾಗುತ್ತವೆ. ಜರ್ಮನಿಯ ಸಂತೆಗಳಲ್ಲಿ ಬೆಂಚಿನ ಮೇಲೆ ನಿಂತು, ಚಿತ್ರದ ಪಟವನ್ನು ಕೋಲಿನಿಂದ ತೋರಿಸುತ್ತಾ ಕೊಲೆ, ಪ್ರವಾಹ, ಬೆಂಕಿ ಅನಾಹುತಗಳ ಹಾಡು ಹೇಳುವವರಿದ್ದರು. ಬೆಂಚಿನ ಹೆಸರೇ ಅವರ ಹಾಡಿಗೂ ಅಂಟಿಕೊಂಡಿತು.

ನಮ್ಮ ಕಾಲಕ್ಕೆ ಬಂದರೆ, ಬಟ್ಟೆ ಬೋರ್ಡನ್ನೇ ರಂಗಮಂಚ ಮಾಡಿಕೊಂಡವರು ಬೀದಿನಾಟಕದವರು. 1975ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ‘ಸಮುದಾಯ’ 1979ರಲ್ಲಿ ರಾಜ್ಯದ ಉದ್ದಗಲಕ್ಕೆ ಜಾಥಾ ಹೊರಟಾಗ ಅವರ ಬಳಿ ಪರದೆ, ಸೈಡ್‌ವಿಂಗು, ಸೀನರಿ ಏನೂ ಇರಲಿಲ್ಲ. ಬಸ್ ಸ್ಟ್ಯಾಂಡಿನ ಮೂಲೆಯಲ್ಲಿ ಬ್ಯಾನರು ಕಟ್ಟಿದರೆ ಅದರ ಮುಂದಿನ ಜಾಗ ರಂಗಸ್ಥಳ, ಹಿಂದಿನ ಜಾಗ ಬಣ್ಣದ ಮನೆ. 1987ರ ಜನವಿಜ್ಞಾನ ಜಾಥಾ, 1990ರ ಸಾಕ್ಷರತೆಯ ಜಾಥಾ ಬಂದಾಗಲೂ ಹೀಗೆಯೇ. ಅಕ್ಷರ ಕಲಿಯಿರಿ ಎಂದು ಹಾಡುವ ತಂಡದ ಹಿಂದೆ ಕೈಯಲ್ಲಿ ಬರೆದ ಅಕ್ಷರಗಳು ಗಾಳಿಗೆ ಉಬ್ಬುತ್ತಿದ್ದವು. ಆಗಷ್ಟೇ ಹೆಸರು ಬರೆಯಲು ಕಲಿತ ಅಜ್ಜಿಯರು ಆಟ ಮುಗಿದ ಮೇಲೆ ಆ ಬ್ಯಾನರಿನ ಹತ್ತಿರ ಬಂದು ಒಂದೊಂದೇ ಅಕ್ಷರವನ್ನು ಬೆರಳಿನಲ್ಲಿ ಮುಟ್ಟಿ ಓದುತ್ತಿದ್ದುದನ್ನು ನಾನು ಕಂಡಿದ್ದೇನೆ.

ಊರ ನಾಟಕಗಳದು ಇನ್ನೊಂದು ವೈಭವ. 1884ರಲ್ಲಿ ಹುಟ್ಟಿದ ಗುಬ್ಬಿ ಕಂಪನಿಯ ಪ್ರಭಾವ ತುಮಕೂರು ರಸ್ತೆ ಹಿಡಿದು ನೆಲಮಂಗಲದವರೆಗೂ ಹರಿದು ಬಂದಿತ್ತು. ‘ಕುರುಕ್ಷೇತ್ರ’ದಲ್ಲಿ ನಿಜವಾದ ಆನೆಯನ್ನೇ ರಂಗಕ್ಕೆ ತಂದ ಕಂಪನಿ ಅದು. ಅದನ್ನು ನೋಡಿದ ನಮ್ಮ ರೈತರು ಆನೆ ಇಲ್ಲದಿದ್ದರೇನು, ಆನೆಯ ಚಿತ್ರ ಬರೆಸೋಣ ಎಂದರು. ಹಾರ್ಮೋನಿಯಂ ಮೇಷ್ಟರನ್ನು ಕರೆಸಿ ಮೂರು ತಿಂಗಳು ಕಲಿತು, ದರ್ಬಾರ್ ಸೀನು, ಕಾಡು ಸೀನು, ಬೀದಿ ಸೀನು ಬಾಡಿಗೆಗೆ ತಂದು, ಊರ ಬಾಗಿಲಿಗೆ ಬೋರ್ಡು ಕಟ್ಟುವುದು ಕ್ರಮ. ಕೋಲಾರದ ಕಡೆಗೆ ವಾಲಿರುವ ಹೊಸಕೋಟೆ ಸೀಮೆಯಲ್ಲಿ ಬಯಲಾಟವನ್ನು ಕೇಳಿಕೆ ಅನ್ನುತ್ತಾರೆ. ಹಾಡು ಎಷ್ಟೋ ಸಲ ತೆಲುಗು, ಬೋರ್ಡು ಕನ್ನಡ. ಮೇಲೆ ದೇವರ ಹೆಸರು, ನಡುವೆ ಆಟದ ಹೆಸರು, ಎಡಕ್ಕೆ ಗದೆ ಹಿಡಿದ ಭೀಮ, ಬಲಕ್ಕೆ ಕೊಳಲು ಹಿಡಿದ ಕೃಷ್ಣ, ಕೆಳಗೆ ‘ಮಹಿಳೆಯರಿಗೆ ಪ್ರತ್ಯೇಕ ಆಸನ ವ್ಯವಸ್ಥೆ ಇದೆ’. ಆಸನ ಎಂದರೆ ಅವರವರೇ ಮನೆಯಿಂದ ತಂದ ಚಾಪೆ!

ಆ ಬೋರ್ಡುಗಳಲ್ಲಿ ದೇವರು, ವೀರರು ಬಿಟ್ಟರೆ ಬೇರೆ ಮುಖ ಇರುತ್ತಿರಲಿಲ್ಲ. ಅದಕ್ಕೆ ಭಕ್ತಿಗಿಂತ ದೊಡ್ಡ ಕಾರಣ ದುಡ್ಡು. ಬರೆಯುವವರು ಅಕ್ಷರಕ್ಕೆ ಇಷ್ಟು ಎಂದು ಕೇಳುತ್ತಿದ್ದರು. ಒಂದು ಮುಖ ಹೋಲುವಂತೆ ಬರೆಯಬೇಕಾದರೆ ಒಂದು ದಿನದ ಕೂಲಿ. ಭೀಮನಾದರೆ ಮೀಸೆ ಬರೆದರೆ ಸಾಕು, ಅವನು ನನ್ನ ಹಾಗಿಲ್ಲ ಎಂದು ಜಗಳಕ್ಕೆ ಬರುವುದಿಲ್ಲ. ಮೆಂಬರು ಬರುತ್ತಾರೆ. ಹಾಗಾಗಿ ಮೆಂಬರು, ಛೇರ್ಮನ್ನರು ಅಕ್ಷರದಲ್ಲಷ್ಟೇ ಇರುತ್ತಿದ್ದರು, ಅದೂ ಸಣ್ಣ ಅಕ್ಷರದಲ್ಲಿ.

ಫ್ಲೆಕ್ಸ್ ಬಂದು ಈ ಲೆಕ್ಕವನ್ನೇ ತಲೆಕೆಳಗು ಮಾಡಿತು. ಯಂತ್ರಕ್ಕೆ ಅಕ್ಷರವೂ ಒಂದೇ, ಮುಖವೂ ಒಂದೇ, ಚದರಡಿಗೆ ಇಷ್ಟು. ಒಂದು ಮುಖಕ್ಕೂ ಮೂವತ್ತು ಮುಖಕ್ಕೂ ಅದೇ ದರ ಎಂದಮೇಲೆ ಯಾರ ಮುಖವನ್ನು ಬಿಡುವುದು? ಮೇಲೆ ನಾಯಕರ ಸಾಲು, ಅವರ ಕೆಳಗೆ ಮರಿನಾಯಕರ ಸಾಲು, ಇಕ್ಕೆಲದಲ್ಲಿ ಶುಭ ಕೋರುವವರು. ನಡುವೆ ಕೃಷ್ಣ ಉಸಿರಾಡಲು ಜಾಗ ಹುಡುಕುತ್ತಿರುತ್ತಾನೆ. ಆಡುವವರ ಹೆಸರು ಎಲ್ಲಿದೆ ಎಂದು ನೋಡಿದರೆ, ತೀರಾ ಕೆಳಗೆ, ಗಳಕ್ಕೆ ಸುತ್ತಿದ ಅಂಚಿನಲ್ಲಿ ಮಡಿಚಿ ಹೋಗಿರುತ್ತದೆ. 2016ರ ಮಾರ್ಚ್‌ನಲ್ಲಿ ಸರ್ಕಾರ ಪ್ಲಾಸ್ಟಿಕ್ ಚೀಲದ ಜೊತೆಗೆ ಪ್ಲಾಸ್ಟಿಕ್ ಬ್ಯಾನರು, ಫ್ಲೆಕ್ಸ್‌ಗಳನ್ನೂ ನಿಷೇಧಿಸಿತು. 2018ರ ಆಗಸ್ಟ್‌ನಲ್ಲಿ ಹೈಕೋರ್ಟು ಗದರಿದ ಮೇಲೆ ಬೆಂಗಳೂರಿನಲ್ಲಿ ರಾಶಿ ರಾಶಿ ಫ್ಲೆಕ್ಸ್ ಕಿತ್ತರು. ನಮ್ಮ ಹೆದ್ದಾರಿಗಳ ಬದಿಯಲ್ಲಿ ಅದು ಮತ್ತೆ ಮತ್ತೆ ಚಿಗುರುತ್ತಲೇ ಇದೆ.

ಹಾಗೆಂದು ಹಳೆಯದೆಲ್ಲ ಹೊನ್ನು ಎಂದು ನಾನು ಹೇಳಲಾರೆ. ಕೈಬರಹದ ಬೋರ್ಡಿಗೆ ಮೂರು ದಿನ ಕಾಯಬೇಕಿತ್ತು. ಪುಡಿ ಬಣ್ಣದ್ದಾದರೆ ಒಂದು ಮಳೆಗೆ ಭೀಮನ ಮೀಸೆ ಎದೆಗೆ ಇಳಿಯುತ್ತಿತ್ತು. ಕಾಗುಣಿತ ತಪ್ಪಿದರೆ ಊರಿಗೆಲ್ಲ ನಗೆಪಾಟಲು. ಅದಕ್ಕಿಂತ ದೊಡ್ಡ ಕೊರತೆ ಇನ್ನೊಂದಿತ್ತು. ಅದನ್ನು ನನಗೆ ಕಲಿಸಿದವರು ತಮಟೆ ಬಾರಿಸುವ ಒಬ್ಬರು. ಜಾತ್ರೆಯೊಂದರಲ್ಲಿ ಅವರ ತಂಡದ ಫ್ಲೆಕ್ಸ್ ಮುಂದೆ ನಿಂತು, ಈ ಪ್ಲಾಸ್ಟಿಕ್ ಯಾಕಣ್ಣ, ಬಟ್ಟೆಯ ಮೇಲೆ ಬರೆಸಬಾರದಿತ್ತೇ ಎಂದು ಉಪದೇಶಕ್ಕೆ ಇಳಿದೆ. ಅವರು ನನ್ನ ಮುಖ ನೋಡಿದರು.

“ಸಾರ್, ನಮ್ಮಪ್ಪ, ನಮ್ಮ ತಾತ ಈ ಜಾತ್ರೇಲಿ ತಮಟೆ ಬಾರ್ಸಿದ್ರು. ಬಟ್ಟೆ ಬೋರ್ಡ್ ಕಾಲ್ದಲ್ಲಿ ಕೃಷ್ಣನ್ನ ಬರೆದ್ರು, ಭೀಮನ್ನ ಬರೆದ್ರು, ಮೇಷ್ಟ್ರು ಹೆಸ್ರು ಬರೆದ್ರು. ತಮಟೆಯವ್ನ ಹೆಸ್ರು ಯಾವತ್ತಾದ್ರೂ ಬರೆದಿದ್ರಾ? ಇದ್ರಲ್ಲಿ ನಮ್ ಫೋಟೊ ಐತೆ. ನನ್ ಮಗಳು ಹೋಗಿ ಅವಳ ಸ್ನೇಹಿತರ್ನ ಕರ್ಕೊಂಡ್ ಬಂದು ತೋರ್ಸುದ್ಲು.”

ನಾನು ಸುಮ್ಮನಾದೆ. ಕರೆಯುವ ಕೆಲಸವನ್ನೆಲ್ಲ ತಮಟೆಗೆ ವಹಿಸಿ, ಹೆಸರು ಹೇಳುವ ಬೋರ್ಡಿನಲ್ಲಿ ತಮಟೆಯವರನ್ನೇ ಬಿಟ್ಟಿದ್ದೆವು. ಜಾತಿ ಎಂಬುದು ಬಣ್ಣದ ಡಬ್ಬಿಯೊಳಗೂ ಇತ್ತು. ಬಟ್ಟೆಯೋ ಪ್ಲಾಸ್ಟಿಕ್ಕೋ ಎಂಬುದು ನೆಲ, ನೀರಿನ ಪ್ರಶ್ನೆ, ಅದು ಇರಲಿ. ಯಾರ ಹೆಸರು ಎಂಬುದು ಅದಕ್ಕಿಂತ ಹಿಂದಿನ ಪ್ರಶ್ನೆ.

ಬೋರ್ಡು ಬರೆಯುತ್ತಿದ್ದವರು ಇಂದು ಕಸುಬನ್ನು ಪೂರ್ತಿ ಬಿಟ್ಟಿಲ್ಲ. ಲಾರಿಯ ಹಿಂಬದಿಗೆ, ಶಾಲೆಯ ಗೋಡೆಗೆ, ದೇವಸ್ಥಾನದ ಕಮಾನಿಗೆ ಇನ್ನೂ ಅವರದೇ ಕೈ ಬೇಕು. ಸಿನಿಮಾ ಬೋರ್ಡು ಬರೆಯುತ್ತಾ ಮುಂಬಯಿಯಲ್ಲಿ ಬದುಕು ಶುರುಮಾಡಿದ ಎಂ. ಎಫ್. ಹುಸೇನರು ಮುಂದೆ ಜಗತ್ತಿಗೇ ಗೊತ್ತಾದರು. ನಮ್ಮ ತಾಲ್ಲೂಕು ಪೇಟೆಗಳ ಬರಹಗಾರರು ಅಷ್ಟು ದೂರ ಹೋಗಲಿಲ್ಲ, ಆದರೆ ಅವರ ‘ಸ್ತ್ರಾ’ ನೋಡಿ ಒತ್ತಕ್ಷರ ಕಲಿತ ಮಕ್ಕಳು ಎಷ್ಟೋ ಮಂದಿ. ಅವರಲ್ಲಿ ನಾನೊಬ್ಬ.

ಕೇಳುಗರಲ್ಲಿ ಒಂದು ಕೋರಿಕೆ ಇದೆ. ನಿಮ್ಮೂರ ಹಬ್ಬಕ್ಕೆ ತಮಟೆಯವರನ್ನೋ ಹಗಲುವೇಷದವರನ್ನೋ ಬೀದಿನಾಟಕದವರನ್ನೋ ಕರೆಸಿದರೆ ನಾಲ್ಕು ಗಜ ಬಟ್ಟೆ ತನ್ನಿ. ಬೇಡ, ಐದು ಗಜವೇ ತನ್ನಿ, ನಮ್ಮ ಯಜಮಾನರ ಲೆಕ್ಕ ಬೇಡ. ಪೇಟೆಯಲ್ಲಿ ಬ್ರಷ್ಷು ಹಿಡಿಯುವವರು ಇನ್ನೂ ಸಿಗುತ್ತಾರೆ. ಶುಭ ಕೋರುವವರ ಹೆಸರಿಗೆ ಜಾಗ ಉಳಿದರೆ ಉಳಿಯಲಿ, ಮೊದಲು ಆಡುವವರ ಹೆಸರು ಬರೆಸಿ. ಒಬ್ಬೊಬ್ಬರ ಹೆಸರು, ಅವರವರ ಊರು.

ಈಗ ಬಾಕಿ ಉಳಿದ ಕಥೆ. ಬಟ್ಟೆ ಸಾಲದೆ ಹೋದಾಗ ಕೊನೆಗೆ ಕೃಷ್ಣನ ಬದಲು ಯಜಮಾನರ ಹೆಂಡತಿಯೇ ಹಳೆಯ ಪಂಚೆಯೊಂದನ್ನು ಹರಿದು ಕೊಟ್ಟರು. ಅದನ್ನು ಹೊಲಿದು ಸೇರಿಸಿ ‘ಹರಣ’ ಬರೆದಾಯಿತು. ಬಿಳಿ ಬಟ್ಟೆಗೆ ಮಾಸಲು ಬಟ್ಟೆಯ ಬಾಲ. ಬೋರ್ಡು ಏರಿಸುವಾಗ ಯಜಮಾನರ ಕಣ್ಣು ‘ವಸ್ತ್ರಾಪ’ದ ಕೆಳಗಿನ ಮೂಲೆಗೆ ಬಿತ್ತು. ಅಲ್ಲಿ ಬೆರಳುದ್ದದ ಜಾಗದಲ್ಲಿ ಕೆಂಪು ಬಣ್ಣದಲ್ಲಿ ಅಣ್ಣನ ಹೆಸರು, ಪಕ್ಕದಲ್ಲಿ ‘ಆರ್ಟ್ಸ್’ ಎಂದು ಮುದ್ದಾಗಿ ಬರೆದಿತ್ತು. ದ್ರೌಪದಿಯ ಬಟ್ಟೆ ಮುಗಿಯುವ ಮೊದಲೇ ಅವರು ಅದನ್ನು ಬರೆದು ಮುಗಿಸಿದ್ದರು.

“ಅಲ್ಲಯ್ಯಾ, ದ್ರೌಪದಮ್ಮನಿಗೇ ಬಟ್ಟೆ ಸಾಲ್ದು, ನಿನ್ ಹೆಸ್ರಿಗೆ ಜಾಗ ಮಡಗ್ಕೊಂಡಿದ್ಯಲ್ಲ?” ಎಂದರು ಯಜಮಾನರು.

ಅಣ್ಣ ಏಣಿಯ ಮೇಲಿಂದಲೇ ಹಗ್ಗ ಬಿಗಿಯುತ್ತಾ ಹೇಳಿದರು: “ಅವಳ ಮಾನ ಕಾಯೋಕೆ ಕೃಷ್ಣ ಅವ್ನೆ ಗೌಡ್ರೆ. ನನ್ ಹೆಸ್ರು ಕಾಯೋಕೆ ಯಾರವ್ರೆ?”